ಗೇಟಿನಲ್ಲಿ ಲಾರಿ ನಿಂತಿದೆಯೇ? ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಾಫ್ಟ್‌ವೇರ್‌ಗಳನ್ನು ಜೋಡಿಸಿದ ಪ್ರಕರಣ

ಪೀಣ್ಯ ಎರಡನೇ ಹಂತದಲ್ಲಿ ದ್ವಿಚಕ್ರ ವಾಹನಗಳ ಬಿಡಿಭಾಗ ಮಾಡಿಕೊಡುವ ಒಂದು ಕಾರ್ಖಾನೆ ಇದೆ. ಹೆಸರು ಬೇಡ. ಸಿಎನ್‌ಸಿ ಲೇತ್‌ಗಳು, ಒಂದು ಗ್ರೈಂಡಿಂಗ್ ವಿಭಾಗ, ದಾಬಸ್‌ಪೇಟೆಯಲ್ಲಿ ಇನ್ನೊಂದು ಯೂನಿಟ್. ವರ್ಷದ ವಹಿವಾಟು 20 ಕೋಟಿ ದಾಟಿತ್ತು, 50 ಕೋಟಿ ಮುಟ್ಟಿರಲಿಲ್ಲ. ಈ ಅಂಕಿಯಿಂದಲೇ ಕಥೆ ಶುರು. 2022ರ ಫೆಬ್ರವರಿ 24ರಂದು ಹೊರಬಿದ್ದ ಜಿಎಸ್‌ಟಿ ಅಧಿಸೂಚನೆಯೊಂದು 20 ಕೋಟಿ ದಾಟಿದವರಿಗೆ ಏಪ್ರಿಲ್ 1ರಿಂದ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವುದು, ಕಡ್ಡಾಯ ಎಂದಿತು. ನಡುವೆ ಐದು ವಾರ. ಅದರಲ್ಲಿ ಒಂದು ವಾರ ಕಳೆದ ಮೇಲೆ ನನಗೆ ಫೋನ್ ಬಂತು.

"ಗವರ್ಮೆಂಟ್ ಪೋರ್ಟಲ್‌ಗೆ ಇದನ್ನ ಕನೆಕ್ಟ್ ಮಾಡ್ಕೊಟ್ರೆ ಸಾಕು ಸಾರ್" ಅಂದರು ಎಂ.ಡಿ. ಇದನ್ನ ಅಂದರೆ ಯಾವುದನ್ನ ಎಂದು ಕೇಳಿದೆ. ಡಿಸ್ಪ್ಯಾಚ್‌ನವರು ಇಆರ್‌ಪಿ (ಕಾರ್ಖಾನೆಯ ಕೆಲಸ ನಡೆಸುವ ಸಾಫ್ಟ್‌ವೇರ್) ಅಂದರು. ಅಕೌಂಟ್ಸ್ ಮೇಡಂ ಟ್ಯಾಲಿ ಅಂದರು. ಎಂ.ಡಿ. ಇಬ್ಬರ ಮುಖವನ್ನೂ ನೋಡಿ "ಎರಡೂ ಒಂದೇ ಅಲ್ವೇನ್ರೀ?" ಅಂದರು. ಮುಂದಿನ ಮೂರು ತಿಂಗಳು ನಾನು ಮಾಡಿದ ಕೆಲಸವೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿತ್ತು.

ಇದ್ದದ್ದು ಏನು

ಉತ್ಪಾದನೆ, ಸ್ಟೋರ್ಸ್, ಡಿಸ್ಪ್ಯಾಚ್ ಇವಿಷ್ಟೂ ಒಂದು ಮಧ್ಯಮ ಗಾತ್ರದ ಇಆರ್‌ಪಿಯಲ್ಲಿ. ಲೆಕ್ಕಪತ್ರ ಟ್ಯಾಲಿಯಲ್ಲಿ. ಇಆರ್‌ಪಿಯಲ್ಲೂ ಹಣಕಾಸಿನ ಭಾಗ ಇತ್ತು, ಅದಕ್ಕೆ ದುಡ್ಡೂ ಕೊಟ್ಟಿದ್ದರು, ಆದರೆ ಯಾರೂ ತೆರೆದು ನೋಡಿರಲಿಲ್ಲ. ಆಡಿಟರ್‌ಗೆ ಟ್ಯಾಲಿ ಬೇಕು, ಬ್ಯಾಂಕಿನವರು ಕೇಳುವುದೂ ಟ್ಯಾಲಿಯ ಪ್ರಿಂಟೌಟ್, ಮೇಡಂ ಹದಿನೈದು ವರ್ಷದಿಂದ ಅದರಲ್ಲೇ ಕೈ ಆಡಿಸಿದವರು. ಇಂಥ ಕಡೆ "ಎಲ್ಲ ಒಂದೇ ಸಾಫ್ಟ್‌ವೇರ್‌ಗೆ ತನ್ನಿ" ಎಂದು ಸಲಹೆ ಕೊಡುವುದು ಸುಲಭ, ಬಿಲ್ ಮಾಡುವುದು ಇನ್ನೂ ಸುಲಭ. ನಾನು ಕೊಡಲಿಲ್ಲ. ಉಳಿದ ನಾಲ್ಕು ವಾರದಲ್ಲಿ ಜನರ ಕೈಯಭ್ಯಾಸ ಬದಲಾಗುವುದಿಲ್ಲ.

ಇವೆರಡರ ಜೊತೆಗೆ ಸರ್ಕಾರದ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಆನ್‌ಲೈನ್ ಚೀಟಿ) ಇತ್ತು, ಈಗ ಇ-ಇನ್‌ವಾಯ್ಸ್ ಸೇರುವುದಿತ್ತು. ದೊಡ್ಡ ಗ್ರಾಹಕರದ್ದು ಒಂದು ವೆಂಡರ್ ಪೋರ್ಟಲ್. ಗೇಟಿನ ಪಕ್ಕ ಬೆರಳೊತ್ತುವ ಹಾಜರಿ ಯಂತ್ರ. ಒಟ್ಟು ಆರು.

ಇಆರ್‌ಪಿಗೂ ಟ್ಯಾಲಿಗೂ ನಡುವೆ ಆಗಲೇ ಒಂದು ಜೋಡಣೆ ಇತ್ತು. ಹಿಂದೆ ಯಾರೋ ಬರೆದುಕೊಟ್ಟ ಚಿಕ್ಕ ಪ್ರೋಗ್ರಾಮು. ರಾತ್ರಿ ಇಆರ್‌ಪಿಯ ಡೇಟಾಬೇಸಿನೊಳಗೆ ನೇರ ಕೈಹಾಕಿ, ಡಿಸ್ಪ್ಯಾಚ್ ಟೇಬಲ್ಲಿನ ಸಾಲುಗಳನ್ನು ತೆಗೆದು ಟ್ಯಾಲಿಗೆ ಮಾರಾಟದ ವೋಚರ್ (ಲೆಕ್ಕದ ನಮೂದು) ಮಾಡಿ ತಳ್ಳುತ್ತಿತ್ತು. ಎರಡು ವರ್ಷ ತಕರಾರಿಲ್ಲದೆ ನಡೆದಿತ್ತು. 2021ರಲ್ಲಿ ದಾಬಸ್‌ಪೇಟೆ ಯೂನಿಟ್ ಶುರುವಾಯಿತು. ಎರಡೂ ಯೂನಿಟ್ ಕರ್ನಾಟಕದಲ್ಲೇ, ಒಂದೇ ಜಿಎಸ್‌ಟಿ ನಂಬರ್. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಮಾಲು ಹೋದರೆ ಅದು ಮಾರಾಟವಲ್ಲ. ಡೆಲಿವರಿ ಚಲನ್ ಸಾಕು, ಸರಕಿನ ಬೆಲೆ ₹50,000 ದಾಟಿದರೆ ಇ-ವೇ ಬಿಲ್ ಬೇಕು, ಅಷ್ಟೆ. ಆ ಪ್ರೋಗ್ರಾಮಿಗೆ ಇದು ಹೇಗೆ ಗೊತ್ತಾಗಬೇಕು? ಡಿಸ್ಪ್ಯಾಚ್ ಟೇಬಲ್ಲಿನಲ್ಲಿ ಸಾಲು ಕಂಡಿತು, ಮಾರಾಟ ಎಂದು ಬರೆಯಿತು.

ಗೊತ್ತಾಗಿದ್ದು ಮುಂದಿನ ತಿಂಗಳು 9ಕ್ಕೆ. ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಲು 11 ಕಡೇ ದಿನ. ಬರಬೇಕಾದ ಬಾಕಿಯ ಪಟ್ಟಿ ತೆಗೆದ ಮೇಡಂಗೆ ಅದರಲ್ಲಿ ತಮ್ಮ ಕಂಪನಿಯ ಹೆಸರೇ ಕಾಣಿಸಿತು. "ನಮ್ಮ ಕಂಪನಿ ನಮಗೇ ದುಡ್ಡು ಕೊಡ್ಬೇಕಂತೆ ಸಾರ್!" ಎಂದು ಆಮೇಲೆ ನಗುತ್ತಾ ಹೇಳಿದರು. ಆಗ ನಕ್ಕಿರಲಿಲ್ಲ. ಎರಡು ರಾತ್ರಿ ಕೂತು ಒಂದೊಂದೇ ವೋಚರ್ ಅಳಿಸಿದ್ದರು.

ಪ್ರೋಗ್ರಾಮು ಬರೆದವರನ್ನು ನಾನು ಬೈಯುವುದಿಲ್ಲ. ಡೇಟಾಬೇಸ್ ಹಂಚಿಕೊಳ್ಳುವ ದಾರಿಗೆ ಹುಟ್ಟಿನಿಂದಲೇ ಈ ಐಬು. ಟೇಬಲ್ಲಿನಲ್ಲಿ ಸಾಲು ಕಾಣುತ್ತದೆ, ಅದರ ಅರ್ಥ ಕಾಣುವುದಿಲ್ಲ. ಅರ್ಥ ಇರುವುದು ಇಆರ್‌ಪಿಯ ಒಳಗಿನ ನಿಯಮಗಳಲ್ಲಿ. ಆ ನಿಯಮ ಬದಲಾದಾಗ ಹಿತ್ತಲಿನಿಂದ ಒಳಬಂದವನಿಗೆ ಯಾರೂ ಹೇಳಿ ಕಳಿಸುವುದಿಲ್ಲ.

ಬೋರ್ಡಿನ ಮೇಲಿನ ಬಾಣಗಳು

ಆರು ವ್ಯವಸ್ಥೆಗಳನ್ನು ಎರಡೆರಡಾಗಿ ಜೋಡಿಸಿದರೆ 15 ಜೋಡಿ ಆಗುತ್ತದೆ. ಇಂಟಿಗ್ರೇಷನ್ ಪ್ಲಾಟ್‌ಫಾರಂ ಮಾರುವವರು ಮೊದಲ ಸ್ಲೈಡಿನಲ್ಲೇ ಈ ಲೆಕ್ಕ ತೋರಿಸಿ, ಜೇಡರ ಬಲೆಯ ಚಿತ್ರ ಹಾಕಿ ಹೆದರಿಸುತ್ತಾರೆ. ನಾವು ಕಾನ್ಫರೆನ್ಸ್ ರೂಮಿನ ಬಿಳಿ ಬೋರ್ಡಿನಲ್ಲಿ ನಿಜವಾಗಿ ಬೇಕಾದ ಬಾಣಗಳನ್ನಷ್ಟೇ ಬರೆದೆವು. ಏಳೇ ಆದವು. ಇಆರ್‌ಪಿಯಿಂದ ಇ-ಇನ್‌ವಾಯ್ಸ್‌ಗೆ ಒಂದು, ಇ-ವೇ ಬಿಲ್‌ಗೆ ಒಂದು, ಟ್ಯಾಲಿಗೆ ಒಂದು. ಯಾರು ಹಣ ಕಟ್ಟಿದ್ದಾರೆ ಎಂಬ ಸುದ್ದಿ ಟ್ಯಾಲಿಯಿಂದ ವಾಪಸ್ ಇಆರ್‌ಪಿಗೆ. ಗ್ರಾಹಕರ ಪೋರ್ಟಲಿನಿಂದ ವಾರದ ಶೆಡ್ಯೂಲ್ ಒಳಗೆ, ಮಾಲು ಹೊರಟಿತು ಎಂಬ ಎಎಸ್‌ಎನ್ ಹೊರಗೆ. ಹಾಜರಿ ಯಂತ್ರದಿಂದ ಸಂಬಳಕ್ಕೆ.

ಆಮೇಲೆ ಪ್ರತಿ ಬಾಣದ ಎದುರು ಎರಡು ಪ್ರಶ್ನೆ ಬರೆದೆ. ಇದು ತಡವಾದರೆ ಗೇಟಿನಲ್ಲಿ ಲಾರಿ ನಿಲ್ಲುತ್ತದೆಯೇ? ರಾತ್ರಿ ಹತ್ತಕ್ಕೆ ಇದು ಕೆಟ್ಟರೆ ಯಾರು ಸರಿಮಾಡುತ್ತಾರೆ? ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದನ್ನು ನೇರ ಕರೆಯುವ ಬಾಗಿಲು), ಮೆಸೇಜ್ ಕ್ಯೂ (ಸಂದೇಶಗಳು ಸರದಿಯಲ್ಲಿ ಕಾಯುವ ಜಾಗ), ಫೈಲ್ ಎಂಬ ಮಾತು ಆ ಹೊತ್ತಿನಲ್ಲಿ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಮೀಟಿಂಗು ನನ್ನದಾಗುತ್ತಿತ್ತು, ಡಿಸ್ಪ್ಯಾಚ್ ಸೂಪರ್‌ವೈಸರ್ ಬಾಯಿ ಬಿಡುತ್ತಿರಲಿಲ್ಲ.

ಅವರು ಬಾಯಿ ಬಿಟ್ಟದ್ದರಿಂದ ನನಗೆ ಹೊಳೆಯದ ಒಂದು ಸಂಗತಿ ಗೊತ್ತಾಯಿತು. ಇನ್‌ವಾಯ್ಸ್ ಸಂಜೆ ಆರಕ್ಕೇ ಸಿದ್ಧವಾಗುತ್ತದೆ, ಆದರೆ ಲಾರಿ ನಂಬರ್ ಗೊತ್ತಾಗುವುದು ಡ್ರೈವರ್ ಬಂದು ನಿಂತ ಮೇಲೆ, ಕೆಲವು ಸಲ ಎಂಟೂವರೆಗೆ. ಇ-ಇನ್‌ವಾಯ್ಸ್ ಕರೆಯಲ್ಲೇ ಇ-ವೇ ಬಿಲ್‌ನ ವಿವರವನ್ನೂ ಸೇರಿಸಿ ಒಂದೇ ಏಟಿಗೆ ಮುಗಿಸಬಹುದು. ನಾನು ಹಾಗೇ ಮಾಡಬೇಕೆಂದಿದ್ದೆ, ಕಾಗದದ ಮೇಲೆ ಅದೇ ಚೆಂದ. ಸೂಪರ್‌ವೈಸರ್ ಮಾತು ಕೇಳಿ ಎರಡನ್ನೂ ಬೇರೆ ಮಾಡಿದೆ. ಆರಕ್ಕೆ ಐಆರ್‌ಎನ್ (ಇನ್‌ವಾಯ್ಸ್ ನೋಂದಣಿಯಾದಾಗ ಬರುವ ಸಂಖ್ಯೆ), ಲಾರಿ ಬಂದ ಮೇಲೆ ಇ-ವೇ ಬಿಲ್.

ಎಎಸ್‌ಎನ್ ನಡುವಿನ ಜಾತಿ. ಅದಿಲ್ಲದೆ ಗ್ರಾಹಕರ ಗೇಟಿನಲ್ಲಿ ಲಾರಿಯನ್ನು ಒಳಗೆ ಬಿಡುವುದಿಲ್ಲ. ಆದರೆ ಪೀಣ್ಯದಿಂದ ಅಲ್ಲಿಗೆ ಹೋಗಲು ಟ್ರಾಫಿಕ್ ಕಡಿಮೆ ಇದ್ದರೂ ಎರಡು ಗಂಟೆ ಬೇಕು. ನಮಗೆ ಅಷ್ಟು ಸಾವಕಾಶ ಉಂಟು. ಟ್ಯಾಲಿಗೆ ಹೋಗುವುದಕ್ಕೆ ಯಾವ ಲಾರಿಯೂ ಕಾಯುವುದಿಲ್ಲ, ಬೆಳಿಗ್ಗೆ ಮೇಡಂ ಬರುವಷ್ಟರಲ್ಲಿ ಆಗಿದ್ದರಾಯಿತು.

ಯಾವ ಸಾಮಾನು

ಮೂರು ಪ್ರಸ್ತಾಪಗಳು ಮೇಜಿನ ಮೇಲಿದ್ದವು.

ಒಂದು, ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಇಂಟಿಗ್ರೇಷನ್ ಪ್ಲಾಟ್‌ಫಾರಂ. ಮ್ಯೂಲ್‌ಸಾಫ್ಟ್, ಬೂಮಿ, ಆ ವರ್ಗದ್ದು. (ಬೂಮಿ ಅಂದಾಗ ಎಂ.ಡಿ. "ಪಹಣಿ ತೆಗೆಯೋದಲ್ವಾ?" ಅಂದರು. ಆ ಭೂಮಿ ಬೇರೆ.) ಒಳ್ಳೆಯ ಸಾಮಾನೇ. ನೂರಾರು ಅಪ್ಲಿಕೇಷನ್‌ಗಳಿಗೆ ಸಿದ್ಧ ಕನೆಕ್ಟರ್‌ಗಳಿವೆ. ಆದರೆ ನಮಗೆ ಕಷ್ಟದ ಎರಡು ತುದಿಗಳು ಈ ಇಆರ್‌ಪಿ ಮತ್ತು ಮೇಡಂ ಟೇಬಲ್ಲಿನ ಟ್ಯಾಲಿ, ಎರಡೂ ಕಟ್ಟಡದ ಒಳಗಿವೆ. ಸಿದ್ಧ ಕನೆಕ್ಟರ್‌ಗಳು ಉಪಯೋಗಕ್ಕೆ ಬರುವಂಥ ಜಾಗವೇ ಇಲ್ಲಿರಲಿಲ್ಲ. ವರ್ಷದ ಬಾಡಿಗೆ ಇಆರ್‌ಪಿಯ ವರ್ಷದ ನಿರ್ವಹಣೆ ಖರ್ಚನ್ನೇ ಮೀರುತ್ತಿತ್ತು. ಬಿಟ್ಟೆವು.

ಎರಡು, ಏನೂ ಹೊಸದು ಬೇಡ, ಟ್ಯಾಲಿಪ್ರೈಮ್‌ನಲ್ಲೇ ಇ-ಇನ್‌ವಾಯ್ಸ್ ಇದೆಯಲ್ಲ, ಅದನ್ನೇ ಬಳಸೋಣ ಎಂಬುದು. ಇದು ಆಸೆ ಹುಟ್ಟಿಸುವಂಥ ಮಾತು, ನನಗೂ ಹುಟ್ಟಿಸಿತ್ತು. ಅಂಗಡಿಯವರಿಗೆ, ಟ್ಯಾಲಿಯಲ್ಲೇ ಬಿಲ್ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಈಗಲೂ ಅದನ್ನೇ ಹೇಳುತ್ತೇನೆ. ಇಲ್ಲಿ ಇನ್‌ವಾಯ್ಸ್ ಹುಟ್ಟುವುದು ಡಿಸ್ಪ್ಯಾಚ್‌ನಲ್ಲಿ, ಇಆರ್‌ಪಿಯಲ್ಲಿ. ಕ್ಯೂಆರ್ ಕೋಡ್ ಇಲ್ಲದ ಕಾಗದ ಲಾರಿಯ ಜೊತೆ ಹೋಗುವಂತಿಲ್ಲ, ಐಆರ್‌ಎನ್ ಇಲ್ಲದ ಇನ್‌ವಾಯ್ಸು ಕಾನೂನಿನ ಕಣ್ಣಿಗೆ ಇನ್‌ವಾಯ್ಸೇ ಅಲ್ಲ. ಮೇಡಂ ಆರಕ್ಕೆ ಮನೆಗೆ ಹೊರಡುತ್ತಾರೆ. ಲಾರಿ ಒಂಬತ್ತಕ್ಕೆ ಹೊರಡುತ್ತದೆ.

ಮೂರನೆಯದು ನಾವು ಹಿಡಿದದ್ದು. ಕಾರ್ಖಾನೆಯಲ್ಲೇ ಒಂದು ಲಿನಕ್ಸ್ ಪೆಟ್ಟಿಗೆ, ಅದರಲ್ಲಿ ಅಪಾಚೆ ಕ್ಯಾಮೆಲ್ ಎಂಬ ಜೋಡಣೆಯ ಸಾಫ್ಟ್‌ವೇರ್ ಇಟ್ಟು ಬರೆದ ಚಿಕ್ಕ ನಡುವಿನ ಪದರ, ಪಕ್ಕದಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ಕ್ಯಾಮೆಲ್ ಉಚಿತ, 2007ರಿಂದ ಬಳಕೆಯಲ್ಲಿದೆ, ಫೈಲ್ ಆಗಲಿ ಎಪಿಐ ಆಗಲಿ ಕ್ಯೂ ಆಗಲಿ ಒಂದೇ ರೀತಿಯಲ್ಲಿ ದಾರಿ ಬರೆಯಲು ಬಿಡುತ್ತದೆ. ಹಾಗಾಗಿ ಏಳು ಬಾಣಕ್ಕೂ ಒಂದೇ ಪದ್ಧತಿ ಹೇರಬೇಕಾಗಲಿಲ್ಲ.

ಯುವ ಸಹೋದ್ಯೋಗಿಯೊಬ್ಬರು ಕಾಫ್ಕಾ (ಲಕ್ಷಗಟ್ಟಲೆ ಸಂದೇಶ ಸಾಗಿಸುವ ಸಾಮಾನು) ಹಾಕೋಣ ಅಂದರು. ದಿನಕ್ಕೆ ನೂರೈವತ್ತು ಇನ್‌ವಾಯ್ಸ್‌ಗೆ ಕಾಫ್ಕಾ! ರಂಗೋಲಿ ಹಾಕುವ ಅಂಗಳ ಸಮ ಮಾಡಲು ರೋಡ್ ರೋಲರ್ ತಂದ ಹಾಗೆ. ಅವರನ್ನು ನಕ್ಕು ಸುಮ್ಮನಾಗಿಸಿದ ನಾನು ಅದೇ ತಪ್ಪನ್ನು ಸಣ್ಣ ಅಳತೆಯಲ್ಲಿ ಮಾಡಿದೆ. ರ‍್ಯಾಬಿಟ್‌ಎಂಕ್ಯೂ ಎಂಬ ಮೆಸೇಜ್ ಕ್ಯೂ ಕೂರಿಸಿದೆ. ನಾಲ್ಕು ತಿಂಗಳಲ್ಲಿ ಅದರಿಂದ ತೊಂದರೆ ಆಗಲಿಲ್ಲ, ಆದರೆ ಕ್ಯೂನಲ್ಲಿ ಏನು ನಿಂತಿದೆ ಎಂದು ನನ್ನನ್ನು ಬಿಟ್ಟು ಯಾರಿಗೂ ನೋಡಲು ಬರುತ್ತಿರಲಿಲ್ಲ. ಆಮೇಲೆ ಅದನ್ನು ಕಿತ್ತು, ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್ಲನ್ನೇ ಕ್ಯೂ ಮಾಡಿದೆ. ಒಂದು ಪ್ರೋಗ್ರಾಮು ಹಿಡಿದ ಸಾಲನ್ನು ಇನ್ನೊಂದು ಮುಟ್ಟದೆ ದಾಟಿ ಹೋಗುವ ಸೌಲಭ್ಯ ಪೋಸ್ಟ್‌ಗ್ರೆಸ್ 9.5ರಿಂದಲೇ ಇದೆ, ನಮ್ಮ ಅಳತೆಗೆ ಅದು ಬೇಕಾದಷ್ಟು. ಈಗ ಡಿಪ್ಲೊಮಾ ಮುಗಿಸಿ ಸೇರಿದ ಹುಡುಗನೂ ಟೇಬಲ್ ತೆರೆದು ಯಾವ ಇನ್‌ವಾಯ್ಸ್ ಎಲ್ಲಿ ನಿಂತಿದೆ ಎಂದು ಹೇಳುತ್ತಾನೆ.

ಡೂಪ್ಲಿಕೇಟ್

ಏಪ್ರಿಲ್ 1ಕ್ಕೆ ಇ-ಇನ್‌ವಾಯ್ಸ್ ಶುರುವಾಯಿತು. ಜಿಎಸ್‌ಪಿ (ಪೋರ್ಟಲಿಗೆ ಸಂಪರ್ಕ ಕೊಡಲು ಅನುಮತಿ ಪಡೆದ ಕಂಪನಿ) ಒಬ್ಬರ ಮೂಲಕ ಸರ್ಕಾರಿ ಪೋರ್ಟಲಿಗೆ ಕರೆ. ಇಆರ್‌ಪಿಯಲ್ಲಿ ಬಟನ್ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಐಆರ್‌ಎನ್, ಕ್ಯೂಆರ್, ಪ್ರಿಂಟ್. (ಆ ಬಟನ್ ಕೂರಿಸಲು ಇಆರ್‌ಪಿಯವರು ನಾಲ್ಕು ದಿನದ ಚಾರ್ಜು ಹಾಕಿದರು. ಎಪಿಐ ಇದ್ದ ಕಡೆಯೂ ಈ ಖರ್ಚನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.)

ಎರಡನೇ ವಾರ, ಒಂದು ಸಂಜೆ ಮಳೆ, ಇಂಟರ್‌ನೆಟ್ ಬಂದು ಹೋಗಿ ಮಾಡುತ್ತಿತ್ತು. ಸೂಪರ್‌ವೈಸರ್ ಬಟನ್ ಒತ್ತಿದರು. ಕರೆ ಪೋರ್ಟಲ್ ಮುಟ್ಟಿತು, ಅಲ್ಲಿ ಐಆರ್‌ಎನ್ ಹುಟ್ಟಿತು. ಉತ್ತರ ವಾಪಸ್ ಬರುವಷ್ಟರಲ್ಲಿ ಲೈನ್ ಕಟ್. ಪರದೆಯಲ್ಲಿ ಏನೂ ಇಲ್ಲ. ಮತ್ತೆ ಒತ್ತಿದರು. ಈ ಸಲ ಬಂದದ್ದು "2150: ಡೂಪ್ಲಿಕೇಟ್ ಐಆರ್‌ಎನ್", ಅದೂ ಇಂಗ್ಲಿಷಿನಲ್ಲಿ, ಕೆಂಪು ಅಕ್ಷರದಲ್ಲಿ. ಗೇಟಿನಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅವರು ತಮಗೆ ತಿಳಿದ ಬುದ್ಧಿ ಓಡಿಸಿದರು. ಇನ್‌ವಾಯ್ಸ್ ನಂಬರಿನ ಕೊನೆಗೆ ಒಂದು "ಎ" ಸೇರಿಸಿದರು. ಹೋಯಿತು, ಐಆರ್‌ಎನ್ ಬಂತು, ಲಾರಿ ಹೊರಟಿತು.

ಒಂದೇ ಲೋಡಿಗೆ ಎರಡು ಇನ್‌ವಾಯ್ಸ್, ಎರಡು ಪಟ್ಟು ತೆರಿಗೆ. ಐಆರ್‌ಎನ್ ರದ್ದು ಮಾಡಲು 24 ಗಂಟೆ ಅವಕಾಶ. ನಮಗೆ ಗೊತ್ತಾದದ್ದು ಮೂರನೇ ದಿನ. ಕೊನೆಗೆ ಕ್ರೆಡಿಟ್ ನೋಟ್ ಹಾಕಿ, ಗ್ರಾಹಕರ ಅಕೌಂಟ್ಸ್‌ನವರಿಗೆ ವಿವರಣೆ ಬರೆದು ಮುಗಿಸಬೇಕಾಯಿತು. "ಡೂಪ್ಲಿಕೇಟ್ ಅಂತ ಬಂತಲ್ಲ ಸಾರ್, ಅದಕ್ಕೇ ಒರಿಜಿನಲ್ ಮಾಡ್ದೆ" ಅಂದರು ಸೂಪರ್‌ವೈಸರ್. ಅವರ ತರ್ಕದಲ್ಲಿ ಹುಳುಕಿರಲಿಲ್ಲ. ಹುಳುಕು ನನ್ನದು.

ಐಆರ್‌ಎನ್ ಎಂಬುದು ಪೋರ್ಟಲ್ ಬಾಯಿಗೆ ಬಂದಂತೆ ಕೊಡುವ ನಂಬರ್ ಅಲ್ಲ. ಮಾರುವವರ ಜಿಎಸ್‌ಟಿ ನಂಬರ್, ಆರ್ಥಿಕ ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ ಈ ನಾಲ್ಕನ್ನು ಸೇರಿಸಿ ಎಸ್‌ಎಚ್‌ಎ-256 ಹ್ಯಾಶ್ (ಅದೇ ಮಾಹಿತಿ ಕೊಟ್ಟರೆ ಯಾವಾಗಲೂ ಅದೇ ಉತ್ತರ ಕೊಡುವ ಲೆಕ್ಕ) ಮಾಡಿದರೆ ಬರುವ 64 ಅಕ್ಷರ. ಅದೇ ಇನ್‌ವಾಯ್ಸನ್ನು ಹತ್ತು ಸಲ ಕಳಿಸಿದರೂ ಅದೇ ಐಆರ್‌ಎನ್. ಅಂದರೆ ಮತ್ತೆ ಮತ್ತೆ ಕಳಿಸಿದರೂ ಅನಾಹುತ ಆಗದಿರಲಿ ಎಂಬ ಏರ್ಪಾಡು ಪೋರ್ಟಲಿನ ರಚನೆಯಲ್ಲೇ ಇದೆ. 2150 ಎಂದಾಗ, ಮೊದಲೇ ಹುಟ್ಟಿದ ಐಆರ್‌ಎನ್ ಮತ್ತು ಅದರ ಸ್ವೀಕೃತಿ ಸಂಖ್ಯೆಯನ್ನೂ ಉತ್ತರದ ಒಳಗೇ ಇಟ್ಟು ಕಳಿಸುತ್ತದೆ. ನಾನು ಆ ಭಾಗವನ್ನು ಓದದೆ, ದೋಷ ಎಂದು ಪರದೆಗೆ ಎಸೆದಿದ್ದೆ.

ತಿದ್ದಿದ್ದು ಒಂದು ಮಧ್ಯಾಹ್ನದ ಕೆಲಸ. ಈಗ 2150 ಬಂದರೆ ನಡುವಿನ ಪದರ ಅದನ್ನು ಯಶಸ್ಸು ಎಂದೇ ಎಣಿಸಿ, ಒಳಗಿನ ಐಆರ್‌ಎನ್ ತೆಗೆದು ಪ್ರಿಂಟ್ ಮಾಡುತ್ತದೆ. ಪರದೆಯಲ್ಲಿ ಕನ್ನಡದಲ್ಲಿ ಹೀಗೆ ಬರುತ್ತದೆ: "ಈ ಇನ್‌ವಾಯ್ಸ್ ಆಗಲೇ ಆಗಿದೆ. ನಂಬರ್ ಬದಲಿಸಬೇಡಿ. ಪ್ರಿಂಟ್ ತೆಗೆಯಿರಿ." ಜಾಸ್ತಿ ಬರುವ ಹನ್ನೆರಡು ದೋಷಗಳಿಗೆ ಹೀಗೇ ಕನ್ನಡ ಸಾಲು ಬರೆದೆವು, ಬರೆದುಕೊಟ್ಟವರು ಸೂಪರ್‌ವೈಸರ್. ಇಡೀ ಕೆಲಸದಲ್ಲಿ ಕಡಿಮೆ ಖರ್ಚಿನದ್ದೂ ಹೆಚ್ಚು ಫೋನ್ ಕರೆ ಉಳಿಸಿದ್ದೂ ಅದೇ.

ಟ್ಯಾಲಿಯ ಕಡೆ

ಟ್ಯಾಲಿ ನೆಟ್‌ವರ್ಕಿನ ಮೂಲಕ (ಎಚ್‌ಟಿಟಿಪಿ) ಎಕ್ಸ್‌ಎಂಎಲ್ ರೂಪದ ಮಾಹಿತಿ ತೆಗೆದುಕೊಳ್ಳುತ್ತದೆ, ಸಾಮಾನ್ಯವಾಗಿ 9000ನೇ ಪೋರ್ಟಿನಲ್ಲಿ. ಆದರೆ ಆ ಕಂಪ್ಯೂಟರ್ ಆನ್ ಇರಬೇಕು, ಟ್ಯಾಲಿ ತೆರೆದಿರಬೇಕು, ಕಂಪನಿ ಲೋಡ್ ಆಗಿರಬೇಕು. ಮೇಡಂ ಹೊರಡುವಾಗ ದೀಪ, ಫ್ಯಾನು, ಕಂಪ್ಯೂಟರು ಮೂರನ್ನೂ ಆರಿಸಿ ಹೋಗುತ್ತಾರೆ. ಆ ಅಭ್ಯಾಸ ತಪ್ಪಿಸಿ ಎಂದು ಹೇಳುವುದಕ್ಕಿಂತ ಕ್ಯೂ ಇಡುವುದು ಅಗ್ಗ. ರಾತ್ರಿಯ ವೋಚರ್‌ಗಳು ಟೇಬಲ್ಲಿನಲ್ಲಿ ಕಾಯುತ್ತವೆ, ಬೆಳಿಗ್ಗೆ ಟ್ಯಾಲಿ ತೆರೆದುಕೊಂಡ ಕೂಡಲೇ ಸಾಲಾಗಿ ಒಳಗೆ ಹೋಗುತ್ತವೆ.

ಇಲ್ಲಿ ತಲೆನೋವು ತಂತ್ರಜ್ಞಾನದ್ದಲ್ಲ, ಹೆಸರಿನದ್ದು. ಇಆರ್‌ಪಿಯಲ್ಲಿ "ಪ್ರೈ. ಲಿ.", ಟ್ಯಾಲಿಯಲ್ಲಿ "ಪ್ರೈವೇಟ್ ಲಿಮಿಟೆಡ್". ಲೆಡ್ಜರ್ (ಖಾತೆ) ಹೆಸರು ಅಕ್ಷರಶಃ ಹೊಂದದಿದ್ದರೆ ಟ್ಯಾಲಿ ಆ ವೋಚರನ್ನು ಬಾಗಿಲಲ್ಲೇ ತಡೆಯುತ್ತದೆ. ಇದಕ್ಕೊಂದು ಹೊಂದಿಕೆ ಪಟ್ಟಿ ಮಾಡಿದೆವು. ಅದನ್ನು ನಾನು ಇಟ್ಟುಕೊಳ್ಳಲಿಲ್ಲ, ಮೇಡಂ ಕೈಗೆ ಕೊಟ್ಟೆ. ಹೊಸ ಗ್ರಾಹಕ ಬಂದರೆ ಅವರೇ ಒಂದು ಸಾಲು ಸೇರಿಸುತ್ತಾರೆ.

ಇನ್ನೊಂದು ನಿರ್ಧಾರಕ್ಕೆ ಸಾಕಷ್ಟು ಜಗ್ಗಾಟ ಆಯಿತು. ತೆರಿಗೆ ಯಾರು ಲೆಕ್ಕ ಹಾಕಬೇಕು? ಇಆರ್‌ಪಿ ಸಾಲುಸಾಲಿಗೂ ತೆರಿಗೆ ಹಾಕಿ ಪೈಸೆ ಸರಿಮಾಡುತ್ತದೆ, ಟ್ಯಾಲಿಯಲ್ಲಿ ಮೇಡಂ ಮೊತ್ತಕ್ಕೆ ಹಾಕುತ್ತಿದ್ದರು. ಹತ್ತು ಸಾಲಿನ ಬಿಲ್ಲಿನಲ್ಲಿ ಮೂರು ನಾಲ್ಕು ಪೈಸೆ ಹೆಚ್ಚುಕಮ್ಮಿ. ಪೋರ್ಟಲ್ ಒಂದು ರೂಪಾಯಿವರೆಗೆ ಸಹಿಸಿಕೊಳ್ಳುತ್ತದೆ, ಆಡಿಟರ್ ಅಷ್ಟು ಉದಾರಿಯಲ್ಲ. ಕೊನೆಗೆ ಇಆರ್‌ಪಿ ಹೇಳಿದ್ದೇ ಲೆಕ್ಕ, ಟ್ಯಾಲಿ ಮರುಲೆಕ್ಕ ಹಾಕುವಂತಿಲ್ಲ ಎಂದು ಗೆರೆ ಎಳೆದೆವು. ಹಣ ಬಂದಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ತಿರುಗಾಮುರುಗಾ, ಅಲ್ಲಿ ಟ್ಯಾಲಿ ಹೇಳಿದ್ದೇ ಮಾತು. ಮೇಡಂಗೆ ಮೊದಲರ್ಧ ಹಿಡಿಸಲಿಲ್ಲ, ಎರಡನೆಯ ಅರ್ಧ ಹಿಡಿಸಿತು.

ಉಳಿದವು

ಗ್ರಾಹಕರ ಪೋರ್ಟಲ್‌ಗೆ ಫೈಲ್. ಬೇರೆ ದಾರಿ ಅವರು ಕೊಟ್ಟಿರಲಿಲ್ಲ, ನಮ್ಮಂಥ ಸಣ್ಣ ವೆಂಡರ್‌ಗಾಗಿ ಕೊಡುವವರೂ ಅಲ್ಲ. ಒಮ್ಮೆ ಅರ್ಧ ಬರೆದ ಫೈಲನ್ನು ಅವರ ಕಡೆಯವರು ಎತ್ತಿಕೊಂಡು ಎಎಸ್‌ಎನ್‌ನಲ್ಲಿ ಎರಡು ಐಟಂ ಕಾಣೆಯಾದವು. ಅಂದಿನಿಂದ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸುತ್ತೇವೆ.

ಹಾಜರಿ ಯಂತ್ರವನ್ನು ಜೋಡಿಸಲೇ ಇಲ್ಲ. ತಿಂಗಳಿಗೊಮ್ಮೆ ಎಕ್ಸೆಲ್ ತೆಗೆದು, ಓವರ್‌ಟೈಮನ್ನು ಶಿಫ್ಟ್ ಮೇಸ್ತ್ರಿಯ ಪುಸ್ತಕದ ಜೊತೆ ತಾಳೆ ನೋಡಿ, ಆಮೇಲೆ ಸಂಬಳ. ಆ ತಾಳೆ ನೋಡುವ ಕೆಲಸ ಹೇಗೂ ತಪ್ಪುವುದಿಲ್ಲ. ಎಂ.ಡಿ.ಗೆ ಇದು ಇವತ್ತಿಗೂ ಕಣ್ಣಿಗೆ ಚುಚ್ಚುತ್ತದೆ.

2025ರ ಸೆಪ್ಟೆಂಬರ್ 22ಕ್ಕೆ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಸೋಮವಾರ, ನವರಾತ್ರಿಯ ಮೊದಲ ದಿನ. ಹಿಂದಿನ ಭಾನುವಾರ ನಾನು ಕಾರ್ಖಾನೆಗೆ ಹೋಗಿ ಕೂತಿದ್ದೆ. ದರ ಬದಲಾದದ್ದು ಒಂದೇ ಕಡೆ, ಇಆರ್‌ಪಿಯ ತೆರಿಗೆ ಪಟ್ಟಿಯಲ್ಲಿ. ನಡುವಿನ ಪದರದಲ್ಲಿ 14 ಮತ್ತು 14 (28ರಲ್ಲಿ ಕೇಂದ್ರದ, ರಾಜ್ಯದ ಪಾಲು) ಎಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಹಾಗಾಗಿ ಅಲ್ಲಿ 9 ಮತ್ತು 9 ಬರೆಯುವ ಕೆಲಸವೂ ಇರಲಿಲ್ಲ. ಟ್ಯಾಲಿಯಲ್ಲಿ ಮಾತ್ರ ಒಂದು ಕೊರತೆ ಸಿಕ್ಕಿತು. ಹೊಸ ದರದ ಮಾರಾಟಕ್ಕೆ ಪ್ರತ್ಯೇಕ ಲೆಡ್ಜರ್ ಬೇಕಿತ್ತು, ಹೊಂದಿಕೆ ಪಟ್ಟಿಯಲ್ಲಿ ಅದರ ಸಾಲು ಇರಲಿಲ್ಲ. ಡಿಪ್ಲೊಮಾ ಹುಡುಗ ಸೋಮವಾರ ಬೆಳಿಗ್ಗೆ ಫೋನ್ ಮಾಡಿದ. ಒಂಬತ್ತು ವೋಚರ್ ಟೇಬಲ್ಲಿನಲ್ಲೇ ನಿಂತಿವೆ ಎಂದ. ಮೇಡಂ ಬಂದು ಸಾಲು ಸೇರಿಸಲಿ, ಆಮೇಲೆ ತಾವಾಗಿಯೇ ಹೋಗುತ್ತವೆ ಎಂದೆ.

"ಗೊತ್ತು ಸಾರ್, ಲಾರಿ ಯಾವ್ದೂ ನಿಂತಿಲ್ಲ. ಸುಮ್ನೆ ತಿಳಿಸ್ದೆ" ಎಂದು ಫೋನಿಟ್ಟ.